ಶವರ್ ಗೋಡೆಗೆ ಟೈಲ್ ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ
ಶವರ್ ಗೋಡೆಗೆ ನೀವೇ ಟೈಲ್ ಹಾಕಬೇಕು ಅಂತಿದ್ದೀರಾ? ಡಿಸೈನ್ ಆಮೇಲೆ ಆರಿಸಿ, ಮೊದಲು ಹಿಂದಿನ ಗೋಡೆ ನೋಡಿ. ಟೈಲ್ ಹಾಕಿದರೆ ನೀರು ಒಳಗೆ ಹೋಗಲ್ಲ ಅಂತ ತುಂಬಾ ಜನ ನಂಬಿದ್ದಾರೆ, ಅದು ತಪ್ಪು. ಸಂದಿಯಲ್ಲಿರುವ ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ, ಅಲ್ಲಿಂದ ನಿಧಾನಕ್ಕೆ ಗೋಡೆಗೆ ಇಳಿಯುತ್ತದೆ. ಹಾಗಾಗಿ ಟೈಲ್‌ಗೂ ಮುಂಚೆ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡುವುದನ್ನು ಬಿಡಲೇಬೇಡಿ. ಬ್ರಷ್‌ನಲ್ಲಿ ಹಚ್ಚುವಂಥದ್ದಾದರೆ ಕನಿಷ್ಠ 2 ಕೋಟ್ ಬೇಕು, ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ ಹಚ್ಚಿ, ಮೂಲೆಗಳಿಗೆ ಮತ್ತು ಪೈಪ್ ಹೊರಬರುವ ಜಾಗಕ್ಕೆ ವಾಟರ್‌ಪ್ರೂಫಿಂಗ್ ಟೇಪ್ ಕೂರಿಸಿ, ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲೇ.

ನೀರು ಹರಿಯಲಿ ಅಂತ ನೆಲ ಇಳಿಜಾರಾಗಿರುತ್ತದೆ ಅಲ್ವಾ, ಅದನ್ನೇ ನಂಬಿ ಕೆಳಗಿನಿಂದ ಶುರು ಮಾಡಿದರೆ ಎಲ್ಲಾ ಸಾಲುಗಳೂ ವಾಲುತ್ತವೆ. ಕೆಳಗೆ ಒಂದು ಸಾಲಿನ ಜಾಗ ಬಿಟ್ಟು, ಒಂದು ನೇರ ಪಟ್ಟಿಯನ್ನು ಲೆವೆಲ್ ಇಟ್ಟು ನೋಡಿ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿ, ಎರಡನೇ ಸಾಲನ್ನು ಅದರ ಮೇಲಿಂದ ಶುರು ಮಾಡಿ. ಕೆಳಗಿನ ಸಾಲು ಕೊನೆಗೆ, ಅಳತೆಗೆ ಕತ್ತರಿಸಿ ಹಾಕಿ. ಪಟ್ಟಿ ತೆಗೆದ ಮೇಲೆ ಸ್ಕ್ರೂ ತೂತುಗಳನ್ನು ತುಂಬಿ ಮತ್ತೆ ಅದೇ ಕೋಟಿಂಗ್ ಹಚ್ಚುವುದನ್ನು ಮರೆಯಬೇಡಿ.

ಅಂಟನ್ನು ನಾಲ್ಕು ಮೂಲೆಗೆ ಸುಮ್ನೆ ಮುದ್ದೆ ಮುದ್ದೆಯಾಗಿ ಇಟ್ಟು ಒತ್ತಬೇಡಿ, ಹಿಂದೆ ಖಾಲಿ ಉಳಿದ ಕಡೆ ನೀರು ನಿಲ್ಲುತ್ತದೆ. ಹಲ್ಲಿರುವ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಿರಿ. ಆಗಾಗ ಒಂದು ಟೈಲ್ ಕಿತ್ತು ಹಿಂಭಾಗ ನೋಡಿ, 95% ಆದರೂ ಅಂಟು ಹಿಡಿದಿರಬೇಕು.

ಅಂಟು ಗಟ್ಟಿಯಾದ ಮೇಲೆಯೇ ಗ್ರೌಟ್, ಸಾಮಾನ್ಯವಾಗಿ 24 ಗಂಟೆ ಕಾಯಬೇಕು, ಚೀಲದ ಮೇಲೆ ಬರೆದಿರುತ್ತದೆ. ಗೋಡೆ ಗೋಡೆ ಸೇರುವ ಮೂಲೆಗೆ, ನೆಲ ಸೇರುವ ಕಡೆಗೆ ಮಾತ್ರ ಗ್ರೌಟ್ ಬೇಡ, ಅಲ್ಲಿ ಬಿರುಕು ಬಿಡುತ್ತದೆ, ಸಿಲಿಕೋನ್ ಸೀಲಂಟ್ ಹಾಕಿ.