ದಿನಕ್ಕೆ 100 ಬೆರಾಖಾ: ಶಬ್ಬತ್ ದಿನ ಲೆಕ್ಕ ಕಡಿಮೆಯಾಗದಂತೆ

ಯಹೂದಿ ಸಂಪ್ರದಾಯದಲ್ಲಿ ದಿನಕ್ಕೆ ಕನಿಷ್ಠ 100 ಬೆರಾಖಾ, ಅಂದರೆ ಸ್ತುತಿವಾಕ್ಯ, ಹೇಳಬೇಕೆಂಬ ಮಾತು ಧರ್ಮಗ್ರಂಥ ತಾಲ್ಮುದ್‌ನಲ್ಲಿದೆ. ಹೊಸದಾಗಿ ಶುರುಮಾಡುವವರು ಸಂಖ್ಯೆಗೆ ಹೆದರಬೇಡಿ. ವಾರದ ದಿನಗಳಲ್ಲಿ ಅಮಿದಾ ಪ್ರಾರ್ಥನೆಯೊಂದರಲ್ಲೇ 19 ಇವೆ. ಮೂರು ಹೊತ್ತಿಗೆ 57 ಆಯಿತು.

ಎಚ್ಚರವಾದ ಕೂಡಲೇ, ಹಾಸಿಗೆಯಲ್ಲೇ, 'ಮೋದೆ ಅನಿ' ಹೇಳಿ (ಹೆಂಗಸರು 'ಮೋದಾ ಅನಿ'). ಪ್ರಾಣವನ್ನು ಮರಳಿ ಕೊಟ್ಟದ್ದಕ್ಕೆ ಕೃತಜ್ಞತೆ ಹೇಳುವ ಹನ್ನೆರಡೇ ಹೀಬ್ರೂ ಪದಗಳಿವು. ದೇವರ ನಾಮ ಇದರಲ್ಲಿ ಬರದ ಕಾರಣ ಕೈ ತೊಳೆಯುವ ಮುಂಚೆಯೇ ಹೇಳಬಹುದು. ಆಮೇಲೆ ಚೊಂಬಿನಿಂದ ಬಲಗೈಗೆ, ಎಡಗೈಗೆ, ಹೀಗೆ ಅದಲುಬದಲಾಗಿ ಮೂರು ಮೂರು ಸಲ ನೀರು. ಒಂದೇ ಕೈಗೆ ಸತತ ಮೂರು ಸಲ ಸುರಿಯುವುದು ಸಾಮಾನ್ಯ ತಪ್ಪು.

ನಿಜವಾದ ತೊಡಕು ವಾರದ ವಿಶ್ರಾಂತಿ ದಿನವಾದ ಶಬ್ಬತ್‌ನಲ್ಲಿ. ಅಂದು ಅಮಿದಾ ನಾಲ್ಕು ಸಲ ಇದ್ದರೂ ಪ್ರತಿಯೊಂದರಲ್ಲಿ ಏಳೇ, ಒಟ್ಟು 28. ಕೊರತೆಯನ್ನು ಹಣ್ಣು, ಸುಗಂಧದ ಬೆರಾಖಾಗಳಿಂದ ತುಂಬುವುದು ರೂಢಿ. ಸೇಬು, ದ್ರಾಕ್ಷಿಗೆ 'ಹಾ-ಏಟ್ಸ್' (ಮರದ ಫಲ). ಬಾಳೆಹಣ್ಣಿಗೆ ಮಾತ್ರ 'ಹಾ-ಅದಾಮಾ' (ನೆಲದ ಫಲ), ಏಕೆಂದರೆ ಗೊನೆ ಬಿಟ್ಟ ಬಾಳೆ ಮರುವರ್ಷ ನಿಲ್ಲುವುದಿಲ್ಲ. ಬಹಳ ಜನ ತಪ್ಪುವುದು ಇಲ್ಲೇ.

ಹಣ್ಣು ಕೈಯಲ್ಲಿ ಹಿಡಿದು ಹೇಳಿ, ತಕ್ಷಣ ತಿನ್ನಿ. ನಡುವೆ ಮಾತು ಬೇಡ. ಸಂಖ್ಯೆಗೋಸ್ಕರ ಬೇಡದ ಬೆರಾಖಾ ಹೇಳುವುದೂ ನಿಷಿದ್ಧ. ಒಂದೇ ಸಲಕ್ಕೆ ತಿನ್ನುವ ಒಂದೇ ಬಗೆಯ ಹಣ್ಣುಗಳಿಗೆಲ್ಲ ಒಂದೇ ಬೆರಾಖಾ. ಆದ್ದರಿಂದ ಹಣ್ಣುಗಳನ್ನು ಒಂದೇ ತಟ್ಟೆಗೆ ಹಾಕದೆ ಬೆಳಿಗ್ಗೆ, ಸಂಜೆಗೆ ಮೊದಲೇ ಹಂಚಿಡಿ.