ಎರಗುವ ಚಟ ಬಿಟ್ಟುಹೋದದ್ದು ಹೀಗೆ

ನಾನು ಫುಟ್‌ಬಾಲ್ ಕಲಿಸುವ ಹತ್ತು ವರ್ಷದ ಮಕ್ಕಳು ಒಬ್ಬರಿಗೊಬ್ಬರು ಎದುರಾದಾಗ, ರಕ್ಷಣೆಗೆ ನಿಂತವರು ಓಡಿ ಬಂದು ನೇರ ಚೆಂಡಿನ ಮೇಲೆ ಎರಗಿ ಕಾಲು ಹಾಕುತ್ತಿದ್ದರು. ಎದುರಾಳಿ ಚೆಂಡನ್ನು ಒಂದಡಿ ಪಕ್ಕಕ್ಕೆ ತಳ್ಳಿದರೆ ಸಾಕು, ದಾರಿ ಬಯಲು. ‘ಕಾಯಿರಿ’ ಎಂದು ತಿಂಗಳುಗಟ್ಟಲೆ ಕೂಗಿದೆ.

ಒಂದು ಸಂಜೆ ಅವರ ಪಾದಗಳನ್ನಷ್ಟೇ ಗಮನಿಸಿದೆ. ಪೂರ್ಣ ವೇಗದಲ್ಲಿ ಬಂದವರಿಗೆ ನಿಲ್ಲಲು ಸಾಧ್ಯವೇ ಇರಲಿಲ್ಲ!

ಸುಮಾರು 15 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ ಹಾಕಿದೆ. ಮೊದಲ ವಾರ ರಕ್ಷಕರು ಚೆಂಡು ಕಸಿಯುವಂತಿಲ್ಲ. ಐದು ಸೆಕೆಂಡ್ ತಡೆದರೆ ಒಂದು ಅಂಕ. ಹೇಳಿಕೊಟ್ಟದ್ದು ಇಷ್ಟು: ವೇಗವಾಗಿ ಹತ್ತಿರ ಹೋಗುವುದು, ಕೊನೆಯ ಎರಡು ಮೀಟರ್‌ನಲ್ಲಿ ಪುಟ್ಟ ಹೆಜ್ಜೆಗಳು, ಮಂಡಿ ಬಗ್ಗಿಸಿ ದೇಹ ಓರೆಯಾಗಿ, ಎದುರಾಳಿಯನ್ನು ಅಂಚಿನ ಗೆರೆಯತ್ತ ತಿರುಗಿಸುವುದು. ಎರಡನೆಯ ವಾರ ಕಸಿಯಲು ಬಿಟ್ಟೆ, ಆದರೆ ಚೆಂಡು ಎದುರಾಳಿಯ ಕಾಲಿನಿಂದ ದೂರ ಸರಿದಾಗ ಮಾತ್ರ.

ಈಗ ದಾಳಿ ಮಾಡುವವರು ದಾರಿ ಕಾಣದೆ ಸಿಕ್ಕಿಕೊಂಡರು. ನಿಜವಾದ ಕಲಿಕೆ ಇಲ್ಲೇ ಶುರುವಾಯಿತು ಎಂದು ನನಗನ್ನಿಸುತ್ತದೆ. ಪ್ರತಿ ತುದಿಯ ಎರಡೂ ಮೂಲೆಗಳಲ್ಲಿ ಪುಟ್ಟ ಗೋಲುಗಳನ್ನಿಟ್ಟೆ. ಒಂದರತ್ತ ನಿಧಾನವಾಗಿ ಸೆಳೆದು, ರಕ್ಷಕನ ತೂಕ ಆ ಕಾಲಿಗೆ ಬಿದ್ದ ಕ್ಷಣದಲ್ಲಿ ಇನ್ನೊಂದರತ್ತ ಚಿಮ್ಮುವುದನ್ನು ಅವರೇ ಕಂಡುಕೊಂಡರು. ಪ್ರತಿ ಸರದಿ ಹತ್ತು ಸೆಕೆಂಡ್, ಆಮೇಲೆ ವಿಶ್ರಾಂತಿ. ದಣಿದ ಮಗು ಮತ್ತೆ ಎರಗುತ್ತದೆ.