ತತ್ವಶಾಸ್ತ್ರವನ್ನು ಜೋಡಿಯಾಗಿ ಓದಿ

ಪಾಶ್ಚಾತ್ಯ ತತ್ವಶಾಸ್ತ್ರ ಓದಲು ಶುರು ಮಾಡುವವರು ಒಂಟಿ ಪುಸ್ತಕ ಆರಿಸಬೇಡಿ, ಜೋಡಿ ಆರಿಸಿ: ಒಂದು ಚಿಕ್ಕ ಮೂಲಕೃತಿ, ಜೊತೆಗೆ ಅದನ್ನು ಒಪ್ಪದವರು ಬರೆದದ್ದು. ಒಬ್ಬರನ್ನೇ ಓದಿದರೆ ಹೇಳಿದ್ದೆಲ್ಲ ಸರಿ ಅನ್ನಿಸಿಬಿಡುತ್ತದೆ, ಅಲ್ವಾ? ಎದುರಾಳಿ ಬಾಯಿ ತೆರೆದಾಗಲೇ ವಾದ ಎಲ್ಲಿ ಸಡಿಲ ಅಂತ ಕಾಣುವುದು. ಮೊದಲಿಗೆ ಫ್ರಾನ್ಸಿನ ತತ್ವಜ್ಞಾನಿ ದೆಕಾರ್ತ್‌ನ ‘ಮೆಡಿಟೇಶನ್ಸ್’ ಹಿಡಿಯಿರಿ. ಮುಖ್ಯ ಭಾಗ ಆರೇ ಅಧ್ಯಾಯ, ನೂರು ಪುಟವೂ ಇಲ್ಲ. 1641ರಲ್ಲಿ ಅಚ್ಚಾದಾಗಲೇ ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್ ಮೊದಲಾದವರ ಆಕ್ಷೇಪಗಳೂ ದೆಕಾರ್ತ್‌ನ ಉತ್ತರಗಳೂ ಅದರ ಜೊತೆಗೇ ಇದ್ದವು. ಅವು ಇಲ್ಲದ ತೆಳು ಪ್ರತಿಗಳೂ ಸಿಗುತ್ತವೆ, ಕೊಳ್ಳುವ ಮುಂಚೆ ನೋಡಿಕೊಳ್ಳಿ. ಆಮೇಲೆ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ 1643ರಲ್ಲಿ ಅವನಿಗೆ ಬರೆದ ಪತ್ರ ಓದಿ. ದೆಕಾರ್ತ್ ಹೇಳುವಂತೆ ಆತ್ಮ ಜಾಗವನ್ನೇ ಹಿಡಿಯದಿದ್ದರೆ, ಅದು ಮೈಯನ್ನು ಅಲ್ಲಾಡಿಸುವುದು ಹೇಗೆ ಅಂತ ಕೇಳುತ್ತಾಳೆ. ದೆಕಾರ್ತ್ ಉತ್ತರ ಹುಡುಕಲು ಪಡುವ ಪಾಡು ನನಗಂತೂ ಪುಸ್ತಕಕ್ಕಿಂತ ಜಾಸ್ತಿ ಇಷ್ಟ. ಆದರೆ ಜರ್ಮನಿಯ ತತ್ವಜ್ಞಾನಿಗಳಾದ ಕಾಂಟ್, ಹೆಗೆಲ್ ಹತ್ತಿರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಪದಗಳನ್ನು ಬಿಡಿಸಿ ಹೇಳುವವರೇ ಮೊದಲು ಬೇಕು. ಪ್ಲೇಟೋನ ‘ಯೂಥಿಫ್ರೋ’ಗೆ ಜೋಡಿಯೇ ಬೇಡ, ಅದು ಸಾಕ್ರಟೀಸ್ ಮತ್ತು ಯೂಥಿಫ್ರೋ ನಡುವಿನ ಸಂಭಾಷಣೆ, ಜಗ್ಗಾಟ ಅದರೊಳಗೇ ಇದೆ.